ಡ್ಯೂಟಿ ಮುಗಿದ ಮೇಲೆ: ನರ್ಸ್‌ಗಳ ನಡಿಗೆ, ಆಟ, ವ್ಯಾಯಾಮದ ಚರಿತ್ರೆ

ಆಸ್ಪತ್ರೆಯ ಕೆಲಸ ಮುಗಿಸಿ ಬಂದ ನರ್ಸ್ ಉಳಿದ ಹೊತ್ತಿನಲ್ಲಿ ನಡೆಯಲು, ಆಡಲು, ಈಜಲು ಹೊರಡಬೇಕಾದರೆ ಅವಳಿಗೆ ಏನೇನು ಒದಗಬೇಕು ಎಂಬ ಪ್ರಶ್ನೆ ತರಬೇತಿ ಪಡೆದ ನರ್ಸ್ ವೃತ್ತಿಯಷ್ಟೇ ಹಳೆಯದು. ಬೆಳಗಿನಿಂದ ರಾತ್ರಿಯವರೆಗೆ ವಾರ್ಡಿನಲ್ಲಿ ಓಡಾಡುವವರಿಗೆ ಬೇರೆ ವ್ಯಾಯಾಮ ಏಕೆ ಎಂದು ಕೇಳುವವರು ಎಲ್ಲ ಕಾಲದಲ್ಲೂ ಇದ್ದರು. ಬೇಕು ಎಂದು ವಾದಿಸಿದವರೂ ಇದ್ದರು. ಈ ಎರಡು ಅಭಿಪ್ರಾಯಗಳ ತಿಕ್ಕಾಟದಲ್ಲಿ ಆಸ್ಪತ್ರೆಗಳ ಹಿಂದೆ ಟೆನಿಸ್ ಅಂಗಳಗಳು ಎದ್ದವು, ಹಾಸ್ಟೆಲ್ ಗೇಟುಗಳಿಗೆ ಬೀಗ ಬಿದ್ದವು, ಕೆಲಸದ ಗಂಟೆಗಳ ಮೇಲೆ ಕಾನೂನುಗಳಾದವು, ಕೊನೆಗೆ ನರ್ಸ್‌ಗಳ ದೇಹವೇ ದೊಡ್ಡ ವೈದ್ಯಕೀಯ ಅಧ್ಯಯನಗಳ ವಸ್ತುವಾಯಿತು. ಬ್ರಿಟನ್, ಅಮೆರಿಕ ಮತ್ತು ಭಾರತದಲ್ಲಿ ಸುಮಾರು 160 ವರ್ಷಗಳಲ್ಲಿ ನಡೆದ ಈ ಬೆಳವಣಿಗೆಯಲ್ಲಿ ಒಂದು ಸಂಗತಿ ಮತ್ತೆ ಮತ್ತೆ ಕಾಣುತ್ತದೆ: ಬಿಡುವು, ಜಾಗ, ಜೊತೆ ಮತ್ತು ಹೊರಹೋಗುವ ಸ್ವಾತಂತ್ರ್ಯ ಸಿಕ್ಕಲ್ಲಿ ನರ್ಸ್‌ಗಳು ಆಡಿದ್ದಾರೆ, ಅವು ತಪ್ಪಿದಲ್ಲಿ ಉಪದೇಶದಿಂದ ಏನೂ ಆಗಿಲ್ಲ.

ಜೋಡಿಯಾಗಿ ಹೊರಗೆ ಹೋಗುವ ನಿಯಮ

ಹತ್ತೊಂಬತ್ತನೆಯ ಶತಮಾನದ ಮಧ್ಯದವರೆಗೆ ಯುರೋಪಿನ ಆಸ್ಪತ್ರೆಗಳಲ್ಲಿ ರೋಗಿಗಳನ್ನು ನೋಡಿಕೊಳ್ಳುವ ಕೆಲಸಕ್ಕೂ ಮನೆಗೆಲಸಕ್ಕೂ ಹೆಚ್ಚಿನ ವ್ಯತ್ಯಾಸವಿರಲಿಲ್ಲ. ನೆಲ ಒರೆಸುವುದು, ಕಲ್ಲಿದ್ದಲು ಹೊರುವುದು, ಬಟ್ಟೆ ಒಗೆಯುವುದು, ರೋಗಿಯನ್ನು ಎತ್ತಿ ಮಲಗಿಸುವುದು ಎಲ್ಲವೂ ಅದೇ ಹೆಂಗಸಿನ ಪಾಲಿಗೆ ಬರುತ್ತಿತ್ತು. ಜರ್ಮನಿಯ ಕೈಸರ್ಸ್‌ವರ್ಟ್‌ನಲ್ಲಿ ಪಾದ್ರಿ ಥಿಯೋಡೋರ್ ಫ್ಲೀಡ್ನರ್ 1836ರಲ್ಲಿ ತೆರೆದ ಸಂಸ್ಥೆ ಸೇವಿಕೆಯರಿಗೆ ಕ್ರಮಬದ್ಧ ತರಬೇತಿಯನ್ನೂ ಒಟ್ಟು ವಾಸವನ್ನೂ ಕೊಟ್ಟಿತು. ಫ್ಲಾರೆನ್ಸ್ ನೈಟಿಂಗೇಲ್ 1851ರಲ್ಲಿ ಅಲ್ಲಿ ಕೆಲವು ತಿಂಗಳು ಕಲಿತರು. ಕ್ರಿಮಿಯಾ ಯುದ್ಧದಿಂದ ಮರಳಿದ ಮೇಲೆ, ಅವರ ಹೆಸರಿನಲ್ಲಿ ಸಂಗ್ರಹವಾದ ನಿಧಿಯಿಂದ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ 1860ರ ಜುಲೈ ತಿಂಗಳಲ್ಲಿ ನರ್ಸ್‌ಗಳ ಶಾಲೆ ಆರಂಭವಾಯಿತು.

ಆ ಶಾಲೆಯ ವಿದ್ಯಾರ್ಥಿನಿಯರು ಆಸ್ಪತ್ರೆಯ ಆವರಣದಲ್ಲೇ ವಾಸಿಸಬೇಕಿತ್ತು. ಮೇಟ್ರನ್ ಸಾರಾ ವಾರ್ಡ್ರೋಪರ್ ಈ ವಿದ್ಯಾರ್ಥಿನಿಯರ ನಡತೆಯ ಮೇಲೆ ಕಣ್ಣಿಟ್ಟಿರುತ್ತಿದ್ದರು. ಹೊರಗೆ ಹೋಗುವುದಾದರೆ ಒಬ್ಬಳೇ ಹೋಗುವಂತಿಲ್ಲ, ಇಬ್ಬರು ಜೊತೆಯಾಗಿ ಹೋಗಬೇಕೆಂಬ ನಿಯಮವಿತ್ತು. ಹೊಸ ವೃತ್ತಿಗೆ ಮರ್ಯಾದೆ ತಂದುಕೊಡಬೇಕೆಂಬ ಆತಂಕದಿಂದ ಹುಟ್ಟಿದ ನಿಯಮ ಅದು. ಕುಡುಕರೆಂದೂ ಒರಟರೆಂದೂ ಹೆಸರು ಕೆಡಿಸಿಕೊಂಡಿದ್ದ ಹಳೆಯ ತಲೆಮಾರಿನಿಂದ ಹೊಸಬರನ್ನು ಬೇರೆಯಾಗಿ ತೋರಿಸಬೇಕಿತ್ತು. ಹೀಗೆ ನರ್ಸ್‌ನ ಬಿಡುವಿನ ನಡಿಗೆ ಮೊದಲ ದಿನದಿಂದಲೇ ಅವಳ ಸ್ವಂತ ವಿಷಯವಾಗದೆ ಸಂಸ್ಥೆಯ ಗೌರವದ ವಿಷಯವಾಯಿತು. ನೈಟಿಂಗೇಲ್ ಅವರಂತೂ ಕ್ರಿಮಿಯಾದಲ್ಲಿ ಹಿಡಿದ ಕಾಯಿಲೆಯಿಂದಾಗಿ ಹಲವು ವರ್ಷ ಕೋಣೆ ಬಿಟ್ಟು ಹೊರಬರಲಾಗದೆ, ಪತ್ರಗಳ ಮೂಲಕವೇ ಈ ಶಾಲೆಯ ಮೇಲೆ ಪ್ರಭಾವ ಬೀರಿದರು. ಶುದ್ಧ ಗಾಳಿ, ಬೆಳಕುಗಳ ಬಗ್ಗೆ ಅವರ ಬರಹಗಳಲ್ಲಿರುವ ಒತ್ತು ಮುಖ್ಯವಾಗಿ ರೋಗಿಯನ್ನು ಕುರಿತದ್ದು.

ಹನ್ನೆರಡು ಗಂಟೆಯ ದಿನ

ಅಮೆರಿಕದಲ್ಲಿ ನೈಟಿಂಗೇಲ್ ಮಾದರಿಯ ಶಾಲೆಗಳು 1873ರಲ್ಲಿ ಹುಟ್ಟಿದವು: ನ್ಯೂಯಾರ್ಕಿನ ಬೆಲ್‌ವ್ಯೂ, ನ್ಯೂ ಹೇವನ್ ಮತ್ತು ಬಾಸ್ಟನ್. ಈ ಮಾದರಿಯ ಶಾಲೆಗಳು ಅಭ್ಯರ್ಥಿಗಳಿಗೆ ಕಳುಹಿಸುತ್ತಿದ್ದ ಪ್ರಕಟಣೆಗಳಲ್ಲಿ ದಿನಚರಿ ಸ್ಪಷ್ಟವಾಗಿ ನಮೂದಾಗುತ್ತಿತ್ತು. ಬೆಳಗಿನಿಂದ ರಾತ್ರಿಯವರೆಗೆ ಹನ್ನೆರಡು ಗಂಟೆ ಕೆಲಸ, ಊಟಕ್ಕೆ ಒಂದು ಗಂಟೆ, ಅದರ ಜೊತೆಗೆ ವ್ಯಾಯಾಮಕ್ಕೆ ಅಥವಾ ವಿಶ್ರಾಂತಿಗೆ ಸ್ವಲ್ಪ ಹೊತ್ತು, ವಾರಕ್ಕೆ ಒಂದು ಮಧ್ಯಾಹ್ನ ಮತ್ತು ಭಾನುವಾರದ ಅರ್ಧ ದಿನ ಬಿಡುವು, ವರ್ಷಕ್ಕೆ ಎರಡು ವಾರ ರಜೆ. ನರ್ಸ್‌ಗೆ ವ್ಯಾಯಾಮ ಬೇಕೆಂದು ಸಂಸ್ಥೆಗಳು ಬರವಣಿಗೆಯಲ್ಲಿ ಒಪ್ಪಿಕೊಂಡ ಆರಂಭದ ದಾಖಲೆಗಳಲ್ಲಿ ಇವೂ ಸೇರುತ್ತವೆ. ವ್ಯಾಯಾಮ ಮತ್ತು ವಿಶ್ರಾಂತಿಯನ್ನು ಒಂದೇ ತುಣುಕು ಸಮಯಕ್ಕೆ ಪೈಪೋಟಿಗೆ ಬಿಟ್ಟದ್ದೂ ಈ ದಾಖಲೆಗಳೇ. ಹನ್ನೆರಡು ಗಂಟೆ ನಿಂತು ದುಡಿದವಳು ಎರಡರಲ್ಲಿ ಯಾವುದನ್ನು ಆರಿಸಿಕೊಳ್ಳುತ್ತಾಳೆ ಎಂದು ಊಹಿಸುವುದು ಕಷ್ಟವಲ್ಲ. ವಾರ್ಡಿನಲ್ಲಿ ಕೆಲಸ ಹೆಚ್ಚಾದ ದಿನ ಆ ತುಣುಕು ಸಮಯವೂ ಕೈಗೆ ಸಿಗುತ್ತಿರಲಿಲ್ಲ.

ಬ್ರಿಟನ್ನಿನಲ್ಲಿ ದುಡಿಮೆಯ ಹೊರೆ ಸಾರ್ವಜನಿಕ ಚರ್ಚೆಗೆ ಬಂದದ್ದು 1890ರಲ್ಲಿ. ಲಂಡನ್ನಿನ ಆಸ್ಪತ್ರೆಗಳ ಸ್ಥಿತಿಗತಿ ವಿಚಾರಿಸಲು ಹೌಸ್ ಆಫ್ ಲಾರ್ಡ್ಸ್ ನೇಮಿಸಿದ ಸಮಿತಿಯ ಮುಂದೆ, ಲಂಡನ್ ಹಾಸ್ಪಿಟಲ್‌ನಲ್ಲಿ ನರ್ಸ್‌ಗಳನ್ನು ಅತಿಯಾಗಿ ದುಡಿಸಿಕೊಳ್ಳಲಾಗುತ್ತಿದೆ, ಅವರ ಆರೋಗ್ಯ ಕೆಡುತ್ತಿದೆ ಎಂಬ ದೂರುಗಳು ಬಂದವು. ಅಲ್ಲಿನ ಮೇಟ್ರನ್ ಈವಾ ಲಕ್ಸ್ 1880ರಿಂದ 1919ರವರೆಗೆ ಆ ಹುದ್ದೆಯಲ್ಲಿದ್ದವರು; ತಮ್ಮ ವ್ಯವಸ್ಥೆಯನ್ನು ಸಮಿತಿಯ ಮುಂದೆ ಸಮರ್ಥಿಸಿಕೊಂಡರು. ಸಮಿತಿಯ ವಿಚಾರಣೆ ತಕ್ಷಣ ಕ್ರಾಂತಿಯನ್ನೇನೂ ತರಲಿಲ್ಲ. ಆದರೆ ನರ್ಸ್‌ನ ಕೆಲಸದ ಗಂಟೆ, ಊಟ, ನಿದ್ದೆ, ಹೊರಗಿನ ಗಾಳಿ ಇವು ಆಡಳಿತವನ್ನು ಪ್ರಶ್ನಿಸಬಹುದಾದ ವಿಷಯಗಳು ಎಂಬುದು ಆಗ ಖಚಿತವಾಯಿತು.

ಅಮೆರಿಕದಲ್ಲಿ ಈ ಪ್ರಶ್ನೆಗೆ ಅಂಕಿಅಂಶಗಳ ಬಲ ಕೊಟ್ಟವರು ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯ ನರ್ಸ್ ಶಾಲೆಯ ಮುಖ್ಯಸ್ಥೆ ಅಡಿಲೇಡ್ ನಟಿಂಗ್. 1890ರ ದಶಕದ ನಡುವಿನಲ್ಲಿ ಅವರು ಹಲವು ಶಾಲೆಗಳಿಂದ ಕೆಲಸದ ಗಂಟೆಗಳ ವಿವರ ತರಿಸಿ ವರದಿ ಮಂಡಿಸಿದರು, ದಿನಕ್ಕೆ ಎಂಟು ಗಂಟೆಯ ದುಡಿಮೆ ಸಾಕೆಂದು ವಾದಿಸಿದರು. ಹಣವಿಲ್ಲದ ಆಸ್ಪತ್ರೆಗಳಿಗೆ ವಿದ್ಯಾರ್ಥಿನಿಯರ ಅಗ್ಗದ ದುಡಿಮೆಯೇ ಆಧಾರವಾಗಿದ್ದರಿಂದ ಹೆಚ್ಚಿನವು ಒಪ್ಪಲಿಲ್ಲ. ಕ್ಯಾಲಿಫೋರ್ನಿಯಾ ರಾಜ್ಯ 1911ರ ತನ್ನ ಮಹಿಳಾ ಎಂಟು ಗಂಟೆ ಕಾನೂನನ್ನು 1913ರಲ್ಲಿ ನರ್ಸ್ ವಿದ್ಯಾರ್ಥಿನಿಯರಿಗೂ ವಿಸ್ತರಿಸಿದಾಗ ಅದರ ವಿರುದ್ಧದ ಮೊಕದ್ದಮೆ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1915ರಲ್ಲಿ ನ್ಯಾಯಾಲಯ ಕಾನೂನನ್ನು ಎತ್ತಿಹಿಡಿಯಿತು. ಪದವಿ ಪಡೆದ ನರ್ಸ್‌ಗಳಿಗೆ ಮಾತ್ರ ಆ ರಕ್ಷಣೆ ಸಿಗಲಿಲ್ಲ. ಕಲಿಯುವವಳಿಗೆ ಎಂಟು ಗಂಟೆ, ಕಲಿತವಳಿಗೆ ಮಿತಿಯಿಲ್ಲ ಎಂಬ ಸ್ಥಿತಿ ಉಂಟಾಯಿತು. 1912ರಲ್ಲಿ ದಣಿವು ಮತ್ತು ದಕ್ಷತೆಯ ಸಂಬಂಧದ ಬಗ್ಗೆ ಗ್ರಂಥ ಬರೆದಿದ್ದ ಜೋಸೆಫಿನ್ ಗೋಲ್ಡ್‌ಮಾರ್ಕ್ ಅವರೇ 1923ರಲ್ಲಿ ಅಮೆರಿಕದ ನರ್ಸ್ ಶಿಕ್ಷಣ ಕುರಿತ ಪ್ರಸಿದ್ಧ ವರದಿಯ ಹಿಂದಿದ್ದರು. ಕಾರ್ಖಾನೆಯ ಕಾರ್ಮಿಕರ ದಣಿವನ್ನು ಅಳೆದ ಕಣ್ಣು ಹೀಗೆ ನರ್ಸ್‌ಗಳ ಮೇಲೂ ಬಿತ್ತು.

ಟೆನಿಸ್ ಅಂಗಳ ಮತ್ತು ಲೇಟ್ ಪಾಸ್

ಗಂಟೆಗಳ ಜಗಳ ಹೀಗೆ ನಡೆಯುತ್ತಿರುವಾಗಲೇ ಬ್ರಿಟನ್ನಿನ ಹುಡುಗಿಯರ ಶಾಲೆಗಳಲ್ಲಿ ಬೇರೊಂದು ಬದಲಾವಣೆ ಆಗುತ್ತಿತ್ತು. ಸ್ವೀಡನ್ನಿನ ಮಾರ್ಟಿನಾ ಬರ್ಗ್‌ಮನ್ ಓಸ್ಟರ್‌ಬರ್ಗ್ 1885ರಲ್ಲಿ ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ ಮಹಿಳೆಯರಿಗಾಗಿ ದೈಹಿಕ ಶಿಕ್ಷಣ ಕಾಲೇಜು ತೆರೆದರು. 1895ರಲ್ಲಿ ಅದು ಡಾರ್ಟ್‌ಫರ್ಡ್‌ಗೆ ಹೋಯಿತು. ಅಲ್ಲಿ ಕಲಿತವರು ಶಾಲೆಗಳಿಗೆ ಹೋಗಿ ಸ್ವೀಡಿಷ್ ಕಸರತ್ತು, ಹಾಕಿ, ಲಕ್ರಾಸ್, ಟೆನಿಸ್ ಕಲಿಸಿದರು. ಆ ಶಾಲೆಗಳಿಂದ ನರ್ಸ್ ತರಬೇತಿಗೆ ಬಂದ ಹುಡುಗಿಯರಿಗೆ ಆಟ ಹೊಸದಾಗಿರಲಿಲ್ಲ. ರೋಗಿಗಳ ಅಂಗಮರ್ದನ ಮತ್ತು ಚಿಕಿತ್ಸಕ ವ್ಯಾಯಾಮವೂ ಇದೇ ಕಾಲದಲ್ಲಿ ನರ್ಸ್‌ಗಳ ಕೈಯಲ್ಲಿ ಬೆಳೆಯಿತು. ಬ್ರಿಟನ್ನಿನ ಫಿಸಿಯೋಥೆರಪಿ ಸಂಘದ ಮೂಲರೂಪವಾದ ತರಬೇತಿ ಪಡೆದ ಅಂಗಮರ್ದಕಿಯರ ಸಂಘವನ್ನು 1894ರಲ್ಲಿ ಕಟ್ಟಿದವರು ನಾಲ್ವರು ನರ್ಸ್‌ಗಳು. ದೇಹದ ಚಲನೆ ಆರೋಗ್ಯಕ್ಕೆ ಬೇಕೆಂದು ರೋಗಿಗೆ ಹೇಳಿಕೊಡುತ್ತಿದ್ದ ವೃತ್ತಿ ತನ್ನವರಿಗೂ ಅದು ಬೇಕೆಂದು ಕೇಳುವುದು ಸಹಜವಾಗಿತ್ತು.

ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಆಸ್ಪತ್ರೆಗಳು ನರ್ಸ್‌ಗಳಿಗೆ ಪ್ರತ್ಯೇಕ ವಸತಿಗೃಹ ಕಟ್ಟಿಸಿದಾಗ ಅವುಗಳ ಜೊತೆಗೆ ತೋಟ, ಟೆನಿಸ್ ಅಂಗಳ, ಮನರಂಜನೆಯ ಕೊಠಡಿ ಬಂದವು. ಲಂಡನ್ ಹಾಸ್ಪಿಟಲ್ ತನ್ನ ನರ್ಸ್‌ಗಳಿಗೆಂದೇ 1930ರ ದಶಕದಲ್ಲಿ ಈಜುಕೊಳ ಕಟ್ಟಿಸಿತು. ಎರಡು ಮಹಾಯುದ್ಧಗಳ ನಡುವಿನ ವರ್ಷಗಳಲ್ಲಿ ಲಂಡನ್ನಿನ ಆಸ್ಪತ್ರೆಗಳ ನರ್ಸ್ ತಂಡಗಳು ನರ್ಸಿಂಗ್ ಟೈಮ್ಸ್ ಪತ್ರಿಕೆಯ ಟೆನಿಸ್ ಕಪ್‌ಗಾಗಿ ಸೆಣಸುತ್ತಿದ್ದವು. ಆಸ್ಪತ್ರೆಗಳು ಇಷ್ಟು ಖರ್ಚು ಮಾಡಲು ಪ್ರೀತಿಯೊಂದೇ ಕಾರಣವಾಗಿರಲಿಲ್ಲ. ಓದಿದ ಹುಡುಗಿಯರಿಗೆ ಕಚೇರಿ, ಅಂಗಡಿ, ಶಾಲೆಗಳ ಕೆಲಸಗಳು ತೆರೆದುಕೊಂಡಿದ್ದವು. ನರ್ಸ್ ತರಬೇತಿಗೆ ಬರುವವರು ಕಡಿಮೆಯಾಗಿದ್ದರು. ಅವರನ್ನು ಸೆಳೆಯುವ ಜಾಹೀರಾತಿನಲ್ಲಿ ಟೆನಿಸ್ ಅಂಗಳಕ್ಕೂ ಸ್ಥಾನವಿತ್ತು. ಕಾರಣ ಏನೇ ಇರಲಿ, ಪರಿಣಾಮ ಒಳ್ಳೆಯದಾಯಿತು. ಆಟದ ಜಾಗ ಮಲಗುವ ಕೋಣೆಯಿಂದ ಕೆಲವೇ ಹೆಜ್ಜೆ ದೂರದಲ್ಲಿತ್ತು, ಜೊತೆಗಾರರು ಅದೇ ಮನೆಯಲ್ಲಿದ್ದರು, ಮಧ್ಯಾಹ್ನದ ಎರಡು ಗಂಟೆಯ ಬಿಡುವಿನಲ್ಲೂ ಒಂದು ಸೆಟ್ ಆಡಿ ಬರಬಹುದಿತ್ತು.

ಆರೋಗ್ಯದ ಕಾರಣವೂ ಇತ್ತು. ಕ್ಷಯರೋಗ ಆಗ ನರ್ಸ್‌ಗಳನ್ನು ಬೆನ್ನಟ್ಟಿದ ರೋಗ. ನಾರ್ವೆಯ ವೈದ್ಯ ಯೋಹಾನಸ್ ಹೈಮ್‌ಬೆಕ್ 1920ರ ದಶಕದಲ್ಲಿ ಆಸ್ಲೋದ ಉಲ್ಲೆವಾಲ್ ಆಸ್ಪತ್ರೆಯಲ್ಲಿ ನರ್ಸ್ ವಿದ್ಯಾರ್ಥಿನಿಯರನ್ನು ಪರೀಕ್ಷಿಸಿ, ಮೊದಲು ಸೋಂಕು ತಗಲದವರು ವಾರ್ಡಿಗೆ ಬಂದ ಮೇಲೆ ಹೇಗೆ ಕಾಯಿಲೆ ಬೀಳುತ್ತಾರೆಂದು ತೋರಿಸಿದರು. ಬಿಸಿಜಿ ಲಸಿಕೆಯ ಬಳಕೆಗೆ ಅವರ ಕೆಲಸ ಬಲ ಕೊಟ್ಟಿತು. ಪರಿಣಾಮಕಾರಿ ಔಷಧವಿಲ್ಲದ ಆ ಕಾಲದಲ್ಲಿ ಒಳ್ಳೆಯ ಊಟ, ನಿದ್ದೆ, ತೆರೆದ ಗಾಳಿಯಲ್ಲಿ ಓಡಾಟ ಇವೇ ರಕ್ಷಣೆ ಎಂದು ನಂಬಲಾಗಿತ್ತು. ಹಾಗಾಗಿ ನರ್ಸ್ ದಿನಕ್ಕೊಮ್ಮೆ ಹೊರಗೆ ಸುತ್ತಾಡಿ ಬರಬೇಕೆಂಬ ಸಲಹೆಯ ಹಿಂದೆ ವೈದ್ಯಕೀಯ ಭಯವೂ ಇತ್ತು.

ಆದರೂ ಅಂಗಳವಿದ್ದ ಮಾತ್ರಕ್ಕೆ ಸ್ವಾತಂತ್ರ್ಯ ಬರಲಿಲ್ಲ. ರಾತ್ರಿ ಹತ್ತಕ್ಕೆ ಬಾಗಿಲು ಮುಚ್ಚುವುದು, ತಡವಾಗಿ ಬರಲು ಲೇಟ್ ಪಾಸ್ ಬೇಕಾಗುವುದು, ವಸತಿಗೃಹದ ಮೇಲ್ವಿಚಾರಕಿಯಾದ ಹೋಮ್ ಸಿಸ್ಟರ್ ಕೋಣೆಗಳನ್ನು ತಪಾಸಣೆ ಮಾಡುವುದು ಇವೆಲ್ಲ ಮಾಮೂಲಾಗಿದ್ದವು. ನರ್ಸ್‌ಗಳ ಕೊರತೆಯ ಕಾರಣ ಹುಡುಕಲು ಲ್ಯಾನ್ಸೆಟ್ ಪತ್ರಿಕೆ ನೇಮಿಸಿದ ಆಯೋಗ 1932ರ ವರದಿಯಲ್ಲಿ ದೀರ್ಘ ದುಡಿಮೆಯನ್ನೂ ಇಂಥ ಕಿರಿಕಿರಿಯ ಕಟ್ಟುಪಾಡುಗಳನ್ನೂ ಟೀಕಿಸಿತು. 1930ರ ದಶಕದ ಕೊನೆಯಲ್ಲಿ ಲಂಡನ್ನಿನ ನರ್ಸ್‌ಗಳು ಕೆಲಸ ಕಳೆದುಕೊಳ್ಳುವ ಭಯದಿಂದ ಮುಖವಾಡ ಹಾಕಿಕೊಂಡು ಬೀದಿಯಲ್ಲಿ ಮೆರವಣಿಗೆ ಹೋದರು. ಎರಡು ವಾರಕ್ಕೆ 96 ಗಂಟೆಗಿಂತ ಹೆಚ್ಚು ದುಡಿಸಬಾರದೆಂಬುದು ಅವರ ಬೇಡಿಕೆ. ಅರ್ಲ್ ಆಫ್ ಆತ್ಲೋನ್ ಅಧ್ಯಕ್ಷತೆಯ ಸರ್ಕಾರಿ ಸಮಿತಿ 1939ರ ಮಧ್ಯಂತರ ವರದಿಯಲ್ಲಿ ಅದನ್ನೇ ಶಿಫಾರಸು ಮಾಡಿತು. ಅಷ್ಟರಲ್ಲಿ ಯುದ್ಧ ಬಂದು ಜಾರಿ ತಡವಾಯಿತು.

ಭಾರತದ ಹಾಸ್ಟೆಲ್ ಅಂಗಳ

ಭಾರತದಲ್ಲಿ ನರ್ಸ್ ತರಬೇತಿ ಬೇರೂರಿದ್ದು ಸೇನಾ ಆಸ್ಪತ್ರೆ, ಸರ್ಕಾರಿ ಆಸ್ಪತ್ರೆ ಮತ್ತು ಮಿಷನ್ ಆಸ್ಪತ್ರೆಗಳಲ್ಲಿ. ಮದ್ರಾಸಿನ ಸರ್ಕಾರಿ ಆಸ್ಪತ್ರೆಯಲ್ಲಿ 1871ರಲ್ಲಿ, ವೆಲ್ಲೂರಿನಲ್ಲಿ ಇಡಾ ಸ್ಕಡರ್ ಅವರಿಂದ 1909ರಲ್ಲಿ ಶಾಲೆಗಳು ಆರಂಭವಾದವು. ಕರ್ನಾಟಕದಲ್ಲಿ ಬೆಂಗಳೂರಿನ ಸೇಂಟ್ ಮಾರ್ಥಾಸ್ (1886), ವಿಕ್ಟೋರಿಯಾ (1900), ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ (1906), ಮಂಗಳೂರಿನ ಫಾದರ್ ಮುಲ್ಲರ್ ಮೊದಲಾದ ಆಸ್ಪತ್ರೆಗಳು ಈ ವೃತ್ತಿಗೆ ನೆಲೆಯಾದವು. ಇಲ್ಲಿನ ಕಷ್ಟ ಬ್ರಿಟನ್ನಿನದಕ್ಕಿಂತ ಒಂದು ಹೆಜ್ಜೆ ಮುಂದಿತ್ತು. ಅಪರಿಚಿತ ಗಂಡಸರ ದೇಹ ಮುಟ್ಟುವ, ಮಲಮೂತ್ರ ಎತ್ತುವ, ರಾತ್ರಿ ಹೊತ್ತು ಮನೆಯ ಹೊರಗೆ ಇರುವ ಹೆಣ್ಣಿನ ಬಗ್ಗೆ ಸಮಾಜಕ್ಕಿದ್ದ ಕೀಳು ಭಾವನೆ, ಜಾತಿಯ ಮಡಿಮೈಲಿಗೆ ಎರಡೂ ಸೇರಿ ನರ್ಸ್‌ನ ಹೊರ ಓಡಾಟವನ್ನು ಮತ್ತಷ್ಟು ಬಿಗಿದವು. ಹಾಸ್ಟೆಲ್ ಆಡಳಿತಗಳು ಹೆತ್ತವರ ಆತಂಕವನ್ನು ತಣಿಸಲು ಗೇಟಿನ ಸಮಯ ಕಟ್ಟುನಿಟ್ಟು ಮಾಡಿದವು. ಆದ್ದರಿಂದ ಹಾಸ್ಟೆಲ್ಲಿನ ಕಾಂಪೌಂಡ್ ಒಳಗೆ ಸಿಕ್ಕ ಅಂಗಳವೇ ಬಹುಪಾಲು ವಿದ್ಯಾರ್ಥಿನಿಯರ ಆಟದ ಬಯಲಾಯಿತು.

ಈ ಕೊರತೆಯನ್ನು ಸಂಘಟನೆಗಳು ಬೇಗ ಗುರುತಿಸಿದವು. 1908ರಲ್ಲಿ ಹುಟ್ಟಿದ ಭಾರತೀಯ ತರಬೇತಿ ಪಡೆದ ನರ್ಸ್‌ಗಳ ಸಂಘ 1929ರಲ್ಲಿ ವಿದ್ಯಾರ್ಥಿಗಳಿಗೆಂದು ಸ್ಟೂಡೆಂಟ್ ನರ್ಸಸ್ ಅಸೋಸಿಯೇಷನ್ ಸ್ಥಾಪಿಸಿತು. ಅದರ ಉದ್ದೇಶಗಳಲ್ಲಿ ವೃತ್ತಿ ಸಂಬಂಧದ ಸಭೆಗಳ ಜೊತೆಗೆ ಮನರಂಜನೆ, ಆಟ, ಕ್ರೀಡೆಗಳ ಪ್ರೋತ್ಸಾಹವೂ ಸೇರಿದೆ. ಸಂಘದ ಸಮ್ಮೇಳನಗಳಲ್ಲಿ ಭಾಷಣ, ಚಿತ್ರಕಲೆಗಳ ಪಕ್ಕದಲ್ಲಿ ಕ್ರೀಡಾ ಸ್ಪರ್ಧೆಗಳೂ ನಡೆಯುತ್ತ ಬಂದವು. ಸ್ವತಂತ್ರ ಭಾರತದ ಮೊದಲ ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್ ಇಂಗ್ಲೆಂಡಿನ ಶಾಲೆಯಲ್ಲಿ ಹಾಕಿ ತಂಡದ ನಾಯಕಿಯಾಗಿದ್ದವರು, ಒಳ್ಳೆಯ ಟೆನಿಸ್ ಆಟಗಾರ್ತಿ. ಭಾರತೀಯ ನರ್ಸಿಂಗ್ ಪರಿಷತ್ತಿನ 1947ರ ಕಾಯ್ದೆ ಬಂದದ್ದು ಅವರ ಅವಧಿಯಲ್ಲಿ. 1946ರಲ್ಲಿ ದೆಹಲಿಯಲ್ಲಿ ಆರಂಭವಾದ ನರ್ಸಿಂಗ್ ಕಾಲೇಜು ಮುಂದೆ ಅವರ ಹೆಸರನ್ನೇ ಪಡೆಯಿತು. ಪರಿಷತ್ತಿನ ನಿಯಮಗಳ ಪ್ರಕಾರ ಇಂದು ನರ್ಸಿಂಗ್ ಕಾಲೇಜೊಂದು ಮಾನ್ಯತೆ ಪಡೆಯಲು ಹಾಸ್ಟೆಲ್ಲಿನಲ್ಲಿ ಮನರಂಜನಾ ಕೊಠಡಿ, ವಾಲಿಬಾಲ್, ಬ್ಯಾಡ್ಮಿಂಟನ್‌ನಂಥ ಹೊರಾಂಗಣ ಆಟಗಳಿಗೆ ಸಾಕಾಗುವ ಮೈದಾನ ಇರಬೇಕು. ಮಹಡಿಯ ಮೇಲೆ ಮಹಡಿ ಕಟ್ಟಿದ ನಗರದ ಕಾಲೇಜುಗಳಲ್ಲಿ ಈ ನಿಯಮ ಪಾಲಿಸುವುದು ಸುಲಭವಲ್ಲ.

ವಿದ್ಯಾರ್ಥಿದೆಸೆಯಲ್ಲಿ ಇಷ್ಟಾದರೂ ವ್ಯವಸ್ಥೆ ಇದೆ. 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿ ಕರ್ನಾಟಕದ ನರ್ಸಿಂಗ್ ಕಾಲೇಜುಗಳು ಅಂತರ ಕಾಲೇಜು ಕ್ರೀಡೆಗಳಲ್ಲಿ ಪಾಲ್ಗೊಳ್ಳುತ್ತವೆ. ಥ್ರೋಬಾಲ್, ವಾಲಿಬಾಲ್, ಕೊಕ್ಕೊ, ಬ್ಯಾಡ್ಮಿಂಟನ್ ಜನಪ್ರಿಯ. ಕೆಲಸಕ್ಕೆ ಸೇರಿದ ಮೇಲೆ ಚಿತ್ರ ಬದಲಾಗುತ್ತದೆ. ಅಂತರರಾಷ್ಟ್ರೀಯ ನರ್ಸ್‌ಗಳ ಮಂಡಳಿ 1965ರಿಂದ ಆಚರಿಸುತ್ತ ಬಂದ, 1974ರಲ್ಲಿ ನೈಟಿಂಗೇಲ್ ಹುಟ್ಟಿದ ಮೇ 12ಕ್ಕೆ ನಿಗದಿಯಾದ ನರ್ಸ್ ದಿನದ ಆಸುಪಾಸಿನಲ್ಲಿ ಆಸ್ಪತ್ರೆಗಳು ಹಗ್ಗಜಗ್ಗಾಟ, ಓಟ, ನಿಂಬೆಹಣ್ಣು ಚಮಚದ ಸ್ಪರ್ಧೆ ಏರ್ಪಡಿಸುತ್ತವೆ. ವರ್ಷಕ್ಕೊಮ್ಮೆ ಬರುವ ಸಂಭ್ರಮ ದಿನದ ಅಭ್ಯಾಸವಾಗುವುದಿಲ್ಲ. ಅಡ್ಡಿ ಎಲ್ಲಿದೆ ಎಂಬುದನ್ನು ಸರ್ಕಾರಿ ವರದಿಗಳೇ ಹೇಳಿವೆ. 1946ರ ಭೋರ್ ಸಮಿತಿ ದೇಶದಲ್ಲಿ ಸುಮಾರು 43,000 ಜನರಿಗೆ ಒಬ್ಬ ನರ್ಸ್ ಮಾತ್ರ ಇದ್ದಾರೆಂದು ಲೆಕ್ಕ ಕೊಟ್ಟಿತು. ಸರೋಜಿನಿ ವರದಪ್ಪನ್ ಅಧ್ಯಕ್ಷತೆಯ ಉನ್ನತಾಧಿಕಾರ ಸಮಿತಿ 1989ರಲ್ಲಿ ವಾರದ ದುಡಿಮೆಯನ್ನು 40 ಗಂಟೆಗೆ ಇಳಿಸಬೇಕು, ಎಲ್ಲ ರಾಜ್ಯಗಳಲ್ಲೂ ಒಂದೇ ಪಟ್ಟಿನ ಪಾಳಿ ಜಾರಿಯಾಗಬೇಕು ಎಂದು ಶಿಫಾರಸು ಮಾಡಿತು. ಬೆಳಗ್ಗೆ ಕೆಲವು ಗಂಟೆ, ಸಂಜೆ ಮತ್ತೆ ಕೆಲವು ಗಂಟೆ ಎಂದು ಒಡೆದ ಪಾಳಿಯಲ್ಲಿ ಇಡೀ ದಿನ ಆಸ್ಪತ್ರೆಗೇ ಕಟ್ಟುಬೀಳುತ್ತಿತ್ತು.

ವಸತಿಗೃಹದಿಂದ ಮನೆಗೆ

ಎರಡನೆಯ ಮಹಾಯುದ್ಧದ ನಂತರ ನರ್ಸ್‌ಗಳು ಬದುಕುವ ಬಗೆಯೇ ಬದಲಾಯಿತು. ಮದುವೆಯಾದವರಿಗೂ ಕೆಲಸದ ಬಾಗಿಲು ತೆರೆಯಿತು. ಬ್ರಿಟನ್ನಿನಲ್ಲಿ 1948ರಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಬಂದ ಮೇಲಿನ ದಶಕಗಳಲ್ಲಿ ವಾರದ ಗಂಟೆಗಳು ಹಂತಹಂತವಾಗಿ ಇಳಿದವು, ಕಡ್ಡಾಯ ವಸತಿ ಸಡಿಲವಾಯಿತು. ಲೇಟ್ ಪಾಸ್ ಹೋಯಿತು. ಅದರ ಜೊತೆಗೇ ಮನೆಬಾಗಿಲಿನ ಟೆನಿಸ್ ಅಂಗಳವೂ, ಆಡಲು ಕರೆದರೆ ಬರುವ ಸಹವಾಸಿಗಳೂ ದೂರವಾದರು. ಎಷ್ಟೋ ಕಡೆ ಆ ಅಂಗಳಗಳ ಮೇಲೆ ಹೊಸ ಕಟ್ಟಡ, ಕಾರು ನಿಲ್ದಾಣ ಬಂದವು. ಸ್ವಂತ ಮನೆಯಲ್ಲಿ ಇರುವ ನರ್ಸ್‌ಗೆ ಕೆಲಸ ಮುಗಿದ ಮೇಲೆ ಪ್ರಯಾಣ, ಅಡುಗೆ, ಮಕ್ಕಳು, ವಯಸ್ಸಾದವರ ಆರೈಕೆ ಕಾಯುತ್ತಿರುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ವರದಿಯಂತೆ ಜಗತ್ತಿನ ಸುಮಾರು 2.79 ಕೋಟಿ ನರ್ಸ್‌ಗಳಲ್ಲಿ ಶೇ. 90ರಷ್ಟು ಮಹಿಳೆಯರು. ಹೀಗಾಗಿ ಮನೆಗೆಲಸದ ಹಂಚಿಕೆಯ ಪ್ರಶ್ನೆ ನರ್ಸ್‌ಗಳ ವ್ಯಾಯಾಮದ ಪ್ರಶ್ನೆಯಿಂದ ಬೇರೆಯಲ್ಲ.

ಪಾಳಿಯ ಸ್ವರೂಪವೂ ಮತ್ತೆ ಬದಲಾಯಿತು. ಹಿಂದೆ ಹೋರಾಡಿ ತೊಲಗಿಸಿದ ಹನ್ನೆರಡು ಗಂಟೆಯ ಪಾಳಿ 1970ರ ದಶಕದ ನಂತರ ಅಮೆರಿಕದಲ್ಲಿ, ಆಮೇಲೆ ಬ್ರಿಟನ್ ಮತ್ತು ಯುರೋಪಿನ ಹಲವೆಡೆ ಮರಳಿತು. ಈ ಬಾರಿ ಅದನ್ನು ಎಷ್ಟೋ ನರ್ಸ್‌ಗಳೇ ಇಷ್ಟಪಟ್ಟರು, ಏಕೆಂದರೆ ವಾರಕ್ಕೆ ಮೂರು ದಿನ ದುಡಿದರೆ ನಾಲ್ಕು ದಿನ ಬಿಡುವು. ದುಡಿಮೆಯ ದಿನ ವ್ಯಾಯಾಮ ಅಸಾಧ್ಯ, ರಜೆಯ ದಿನ ಸಾಧ್ಯ ಎಂಬ ಎರಡು ಬಗೆಯ ವಾರ ಇದರಿಂದ ರೂಪುಗೊಂಡಿತು. ಬಿಡುವಿನ ಮೊದಲ ದಿನ ದಣಿವು ಆರಿಸಿಕೊಳ್ಳುವುದಕ್ಕೇ ಹೋಗುವುದರಿಂದ ಲೆಕ್ಕದ ನಾಲ್ಕು ದಿನ ಕೈಯಲ್ಲಿ ಉಳಿಯುವುದಿಲ್ಲ. ಭಾರತದ ಬಹುತೇಕ ಆಸ್ಪತ್ರೆಗಳಲ್ಲಿ ಬೆಳಗು, ಮಧ್ಯಾಹ್ನ, ರಾತ್ರಿಯ ಮೂರು ಪಾಳಿಗಳ ಸರದಿ ನಡೆಯುತ್ತದೆ. ಸಾಲಾಗಿ ಹಲವು ನೈಟ್ ಡ್ಯೂಟಿ ಮಾಡಿದವರಿಗೆ ಸಿಗುವ ನೈಟ್ ಆಫ್ ಹೆಚ್ಚಾಗಿ ಬಾಕಿ ನಿದ್ದೆಗೆ ಖರ್ಚಾಗುತ್ತದೆ.

ವಾರ್ಡಿನ ನಡಿಗೆ ಸಾಲದು

ವಾರ್ಡಿನ ಓಡಾಟವೇ ಸಾಕಲ್ಲವೇ ಎಂಬ ಹಳೆಯ ವಾದಕ್ಕೆ ಒಂದು ಕಾಲದಲ್ಲಿ ವೈಜ್ಞಾನಿಕ ಆಧಾರವೂ ಇದ್ದಂತಿತ್ತು. ಜೆರ್ರಿ ಮಾರಿಸ್ ಮತ್ತು ಸಂಗಡಿಗರು 1953ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕುಳಿತೇ ಇರುವ ಲಂಡನ್ ಬಸ್ ಚಾಲಕರಿಗಿಂತ ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರುಗಳಲ್ಲಿ ಹೃದ್ರೋಗ ಕಡಿಮೆ ಎಂದು ಕಂಡುಬಂದಿತ್ತು. ನರ್ಸ್‌ಗಳ ಕೆಲಸವೂ ಕಂಡಕ್ಟರನ ಕೆಲಸದಂತೆಯೇ ಎಂದುಕೊಳ್ಳುವುದು ಸುಲಭವಾಗಿತ್ತು. ಅಮೆರಿಕದ 36 ಆಸ್ಪತ್ರೆಗಳಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನರ್ಸ್‌ಗಳು ಹಗಲು ಪಾಳಿಯಲ್ಲಿ ಸುಮಾರು 3 ಮೈಲಿ, ಅಂದರೆ 5 ಕಿಲೋಮೀಟರಿನಷ್ಟು ನಡೆಯುತ್ತಾರೆಂದು ತಿಳಿಯಿತು. ಆದರೆ ಆ ನಡಿಗೆ ತುಂಡುತುಂಡಾದದ್ದು. ಹಾಸಿಗೆಯಿಂದ ಹಾಸಿಗೆಗೆ, ಔಷಧದ ಕಪಾಟಿಗೆ, ಮೇಜಿಗೆ ನಾಲ್ಕಾರು ಹೆಜ್ಜೆ. ನಡುವೆ ಬಗ್ಗುವುದು, ಎತ್ತುವುದು, ಗಂಟೆಗಟ್ಟಲೆ ನಿಲ್ಲುವುದು. ಹೃದಯ ಮತ್ತು ಶ್ವಾಸಕೋಶಕ್ಕೆ ಬಲ ಬರುವಷ್ಟು ಬಿರುಸು ಅದರಲ್ಲಿಲ್ಲ, ಸೊಂಟ ಮತ್ತು ಮೊಣಕಾಲು ನೋಯುವಷ್ಟು ಹೊರೆ ಇದೆ.

ಈ ವ್ಯತ್ಯಾಸ ತಿಳಿದದ್ದು ಬಹುಮಟ್ಟಿಗೆ ನರ್ಸ್‌ಗಳಿಂದಲೇ. ಹಾರ್ವರ್ಡ್‌ನ ಫ್ರಾಂಕ್ ಸ್ಪೈಜರ್ 1976ರಲ್ಲಿ ಗರ್ಭನಿರೋಧಕ ಮಾತ್ರೆಗಳ ದೀರ್ಘಕಾಲದ ಪರಿಣಾಮ ತಿಳಿಯಲು 30ರಿಂದ 55 ವರ್ಷದ 1,21,700 ನರ್ಸ್‌ಗಳನ್ನು ಸೇರಿಸಿ ನರ್ಸಸ್ ಹೆಲ್ತ್ ಸ್ಟಡಿ ಆರಂಭಿಸಿದರು. ವೈದ್ಯಕೀಯ ಪ್ರಶ್ನೆಗಳಿಗೆ ನಿಖರವಾಗಿ ಉತ್ತರಿಸಬಲ್ಲವರು, ಆಸಕ್ತಿ ಬಿಡದವರು ಎಂಬ ನಂಬಿಕೆಯೇ ನರ್ಸ್‌ಗಳನ್ನು ಆರಿಸಲು ಕಾರಣ. ಎರಡು ವರ್ಷಕ್ಕೊಮ್ಮೆ ಅವರು ತುಂಬಿ ಕಳುಹಿಸಿದ ಪ್ರಶ್ನಾವಳಿಗಳಿಂದ ಮಹಿಳೆಯರ ಆರೋಗ್ಯದ ಬಗ್ಗೆ ಅಪಾರ ಜ್ಞಾನ ಬೆಳೆಯಿತು. ಜೋಆನ್ ಮ್ಯಾನ್ಸನ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ವರದಿಯಲ್ಲಿ 72,488 ನರ್ಸ್‌ಗಳ ಮಾಹಿತಿ ಇತ್ತು. ವಾರಕ್ಕೆ ಮೂರು ಗಂಟೆ ಅಥವಾ ಹೆಚ್ಚು ಬಿರುಸಾಗಿ ನಡೆಯುವವರಲ್ಲಿ ಹೃದ್ರೋಗದ ಅಪಾಯ ಸುಮಾರು ಮೂರನೆಯ ಒಂದರಷ್ಟು ಕಡಿಮೆ ಇತ್ತು. ಜಿಮ್ ಇಲ್ಲದೆ, ಖರ್ಚಿಲ್ಲದೆ, ಬಿಡುವಿನ ವೇಳೆಯ ನಡಿಗೆಯಿಂದಲೇ ದೊಡ್ಡ ಲಾಭವಿದೆ ಎಂಬ ಈ ಫಲಿತಾಂಶ ಹಲವು ದೇಶಗಳ ಸಲಹೆಗಳಿಗೆ ಬಲ ಕೊಟ್ಟಿತು. ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಶ್ರಮದ ವ್ಯಾಯಾಮ ಬೇಕೆಂಬುದು ಇಂದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ.

ಡೆನ್ಮಾರ್ಕಿನ ಸಂಶೋಧಕರು ಇನ್ನೊಂದು ಮುಖವನ್ನು ತೋರಿಸಿದರು. ಅಲ್ಲಿ 1993ರಿಂದ ಅನುಸರಿಸುತ್ತ ಬಂದ ನರ್ಸ್‌ಗಳ ಸಮೂಹದಲ್ಲಿ, ಅಧಿಕ ರಕ್ತದೊತ್ತಡ ಇದ್ದೂ ಕೆಲಸದಲ್ಲಿ ಹೆಚ್ಚಿನ ದೈಹಿಕ ಹೊರೆ ಹೊರುವವರಿಗೆ ಹೃದ್ರೋಗದ ಅಪಾಯ ಹೆಚ್ಚಾಗಿತ್ತು. ಬಿಡುವಿನ ವ್ಯಾಯಾಮ ದೇಹವನ್ನು ಕಾಯುವಾಗ ಕೆಲಸದ ಶ್ರಮ ಅದೇ ಬಗೆಯಲ್ಲಿ ಕಾಯುವುದಿಲ್ಲ. ವಿಶ್ರಾಂತಿಯಿಲ್ಲದೆ ದೀರ್ಘಕಾಲ ಏರಿಯೇ ಇರುವ ಹೃದಯಬಡಿತ ಮತ್ತು ರಕ್ತದೊತ್ತಡ ಇದಕ್ಕೆ ಕಾರಣವಾಗಿರಬಹುದೆಂದು ಸಂಶೋಧಕರು ವಿವರಿಸುತ್ತಾರೆ. ರಾತ್ರಿ ಪಾಳಿಯ ಹಾನಿಯೂ ಬೆಳಕಿಗೆ ಬಂತು. ಅಮೆರಿಕದ ಅದೇ ನರ್ಸ್ ಅಧ್ಯಯನದಿಂದ 2001ರಲ್ಲಿ ಹಲವು ವರ್ಷಗಳ ರಾತ್ರಿ ಪಾಳಿಗೂ ಸ್ತನ ಕ್ಯಾನ್ಸರಿಗೂ ಸಂಬಂಧ ಕಂಡುಬಂದಿತು; 2007ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ದೇಹದ ದಿನಚಕ್ರ ಕೆಡಿಸುವ ಪಾಳಿ ಕೆಲಸವನ್ನು ಬಹುಶಃ ಕ್ಯಾನ್ಸರ್‌ಕಾರಕ ಎಂಬ ವರ್ಗಕ್ಕೆ ಸೇರಿಸಿತು.

ಏನು ನೆರವಾಯಿತು

ಈ ತಿಳಿವಳಿಕೆಯ ಬೆನ್ನಲ್ಲಿ ಸಂಸ್ಥೆಗಳು ಮತ್ತೆ ನರ್ಸ್‌ಗಳ ವ್ಯಾಯಾಮದತ್ತ ತಿರುಗಿದವು. ಬ್ರಿಟನ್ನಿನಲ್ಲಿ ಸ್ಟೀವ್ ಬೋರ್ಮನ್ ಅವರ 2009ರ ವರದಿ ಆರೋಗ್ಯ ಸೇವೆಯ ಸಿಬ್ಬಂದಿಯ ಕ್ಷೇಮಕ್ಕೂ ರೋಗಿಗಳ ಆರೈಕೆಯ ಗುಣಮಟ್ಟಕ್ಕೂ ನೇರ ಸಂಬಂಧವಿದೆ ಎಂದಿತು. ಅಮೆರಿಕದ ನರ್ಸ್‌ಗಳ ಸಂಘ 2017ರಲ್ಲಿ ವ್ಯಾಯಾಮ, ವಿಶ್ರಾಂತಿ, ಆಹಾರಗಳನ್ನು ಒಳಗೊಂಡ ದೇಶವ್ಯಾಪಿ ಅಭಿಯಾನ ಆರಂಭಿಸಿತು. ಭಾರತದಲ್ಲಿ 2015ರಿಂದ ಜೂನ್ 21ರ ಯೋಗ ದಿನ ಆಸ್ಪತ್ರೆಗಳ ಅಂಗಳಕ್ಕೂ ಬಂದಿದೆ. ಬೆಂಗಳೂರಿನ ಎಸ್-ವ್ಯಾಸ ಯೋಗ ವಿಶ್ವವಿದ್ಯಾಲಯದ ಸಂಶೋಧಕರು ದೀರ್ಘಕಾಲದ ಸೊಂಟನೋವಿರುವ ನರ್ಸ್‌ಗಳಲ್ಲಿ ಯೋಗವನ್ನೂ ಸಾಮಾನ್ಯ ವ್ಯಾಯಾಮವನ್ನೂ ಹೋಲಿಸಿ, ಯೋಗ ಮಾಡಿದವರ ಜೀವನ ಗುಣಮಟ್ಟ ಹೆಚ್ಚು ಸುಧಾರಿಸಿತೆಂದು 2018ರಲ್ಲಿ ವರದಿ ಮಾಡಿದರು.

ಹಳೆಯ ಮತ್ತು ಹೊಸ ಪ್ರಯತ್ನಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ನೆರವಾದ ಅಂಶಗಳು ಕೆಲವೇ. ಮೊದಲನೆಯದು ಮುಂಚಿತವಾಗಿ ತಿಳಿದಿರುವ, ಪದೇಪದೇ ಬದಲಾಗದ ಡ್ಯೂಟಿ ಪಟ್ಟಿ. ನಾಳೆಯ ಪಾಳಿ ಗೊತ್ತಿಲ್ಲದವರು ಸಂಜೆಯ ಆಟಕ್ಕೆ ಮಾತು ಕೊಡಲಾರರು. ಎರಡನೆಯದು ನೈಟ್ ಡ್ಯೂಟಿಯ ನಂತರ ನಿದ್ದೆಗೂ ಸಾಕಾಗಿ ಉಳಿಯುವ ಬಿಡುವು. ಮೂರನೆಯದು ಆಸ್ಪತ್ರೆ ಅಥವಾ ವಸತಿಯ ಹತ್ತಿರವೇ ಇರುವ, ಎಲ್ಲ ಪಾಳಿಯವರಿಗೂ ತೆರೆದಿರುವ, ದೀಪ ಮತ್ತು ಭದ್ರತೆ ಇರುವ ಜಾಗ. ಬೆಳಗ್ಗೆ ಆರಕ್ಕೆ ಮಾತ್ರ ನಡೆಯುವ ಯೋಗ ತರಗತಿ ರಾತ್ರಿ ಪಾಳಿಯಲ್ಲಿ ಇರುವವರಿಗೂ ಬೆಳಗಿನ ಪಾಳಿಗೆ ಹೊರಟವರಿಗೂ ಎಟುಕದು. ನಾಲ್ಕನೆಯದು ಸಹೋದ್ಯೋಗಿಗಳ ಜೊತೆ. ಟೆನಿಸ್ ಕಪ್‌ನಿಂದ ಥ್ರೋಬಾಲ್ ತಂಡದವರೆಗೆ ಬಾಳಿದ್ದೆಲ್ಲ ಗುಂಪಿನ ಆಟ. ಐದನೆಯದು ಮನೆಯವರ ಸಹಕಾರ. ಇವುಗಳ ಜೊತೆಗೆ ಬೇಕಾದ ಖರ್ಚು ಸಣ್ಣದು: ಬಿರುಸಿನ ನಡಿಗೆಗೆ ಒಳ್ಳೆಯ ಪಾದರಕ್ಷೆ ಸಾಕು.

ನರ್ಸ್‌ಗಳ ಸೋಮಾರಿತನದಿಂದ ಅವರ ಆಟ ನಿಂತುಹೋದ ಕಾಲ ಈ ಚರಿತ್ರೆಯಲ್ಲಿ ಎಲ್ಲೂ ಸಿಗುವುದಿಲ್ಲ. ಆಟ ನಿಂತದ್ದು ಗಂಟೆಗಳು ಬೆಳೆದಾಗ, ಗೇಟು ಮುಚ್ಚಿದಾಗ, ಅಂಗಳಕ್ಕೆ ಕಟ್ಟಡ ಬಂದಾಗ. ಆದ್ದರಿಂದ ವ್ಯಾಯಾಮ ಮಾಡಿ ಎಂದು ನರ್ಸ್‌ಗಳಿಗೆ ಬುದ್ಧಿ ಹೇಳುವ ಮೊದಲು ಆಸ್ಪತ್ರೆಗಳು ತಮ್ಮ ಸಿಬ್ಬಂದಿ ಸಂಖ್ಯೆಯನ್ನೂ ಡ್ಯೂಟಿ ಪಟ್ಟಿಯನ್ನೂ ಸರಿಪಡಿಸಬೇಕು.